ಅಪ್‌ಡೇಟ್: ಕಾಕಾನ ಫೋಟೊದಲ್ಲಿದ್ದ ಹಸಿರು ಕಾರು ವಿ8 ಅಲ್ಲ!

ಧಾರವಾಡದ ನಮ್ಮ ಮನೆ ಅಟ್ಟದ ಟ್ರಂಕಿನಲ್ಲಿ ಸಿಕ್ಕ ಫೋಟೊದಲ್ಲಿರೋ ಕಾರು ಯಾವ ಮಾದರಿ ಅಂತ ಹೋದ ತಿಂಗಳು ಕೇಳಿದ್ದೆ, ನೆನಪಿದೆಯಾ? 1976, ಬರ್ಮಿಂಗ್‌ಹ್ಯಾಮ್. ನಮ್ಮ ಕಾಕಾ ಬ್ರಿಟನ್ನಿನ ಎಂಜಿ ಕಂಪನಿಯ ಹಸಿರು ಕಾರಿಗೆ ಒರಗಿ ನಿಂತ ಫೋಟೊ. ಚಕ್ರ ನೋಡಿ ಬಹಳ ಜನ ವಿ8, ಅಂದರೆ ಎಂಜಿಬಿ ಅನ್ನೋ ಸ್ಪೋರ್ಟ್ಸ್ ಕಾರಿನ ಎಂಟು ಸಿಲಿಂಡರ್ ಮಾದರಿ, ಅಂದಿರಿ. ನಾನೂ ಸುಮ್ನೆ ಒಪ್ಪಿಕೊಂಡೆ.

ಅದು ಎಂಜಿಬಿ ಜಿಟಿ ಜುಬಿಲಿ. ಎಂಜಿಗೆ 50 ವರ್ಷ ತುಂಬಿದ್ದಕ್ಕೆ 1975ರಲ್ಲಿ ಮಾಡಿದ್ದು.

ಹುಬ್ಬಳ್ಳಿಯ ಸ್ಟುಡಿಯೊದಲ್ಲಿ ಸ್ಕ್ಯಾನ್ ಮಾಡಿಸಿ ದೊಡ್ಡದು ಮಾಡಿದಾಗ ಕಾರಿನ ಬದಿಯಲ್ಲಿ ಚಿನ್ನದ ಬಣ್ಣದ ಪಟ್ಟಿ ಕಂಡಿತು. ಇಷ್ಟು ದಿನ ಅದನ್ನು ಫೋಟೊ ಮೇಲಿನ ಗೀರು ಅಂದುಕೊಂಡಿದ್ದೆವು! ಚಕ್ರ ವಿ8 ಮಾದರಿಯದೇ, ಆದರೆ ಅದಕ್ಕೂ ಚಿನ್ನದ ಬಣ್ಣ. ಎಲ್ಲರೂ ಎಡವಿದ್ದು ಅಲ್ಲೇ. ವಿ8ರಲ್ಲಿ 3.5 ಲೀಟರ್ ಎಂಜಿನ್. ಜುಬಿಲಿಯಲ್ಲಿ ಮಾಮೂಲಿ 1.8 ಲೀಟರ್, ನಾಲ್ಕು ಸಿಲಿಂಡರ್. ಅಂದರೆ ಓಟದಲ್ಲಿ ವಿಶೇಷವೇನಿಲ್ಲ, ಅಲಂಕಾರ ಜಾಸ್ತಿ.

ಅಪರೂಪ ಮಾತ್ರ ಹೌದು. ಎಂಜಿಬಿ ಕಾರುಗಳು 5 ಲಕ್ಷಕ್ಕೂ ಜಾಸ್ತಿ ತಯಾರಾದವು, ಜುಬಿಲಿ ಸುಮಾರು 750 ಅಷ್ಟೇ. ಪ್ರತಿಯೊಂದರ ಡ್ಯಾಶ್‌ಬೋರ್ಡಿಗೂ ನಂಬರ್ ಇದ್ದ ಸಣ್ಣ ಫಲಕ. ನಮ್ಮದರ ನಂಬರ್ ಎಷ್ಟು? ಫೋಟೊದಲ್ಲಿ ಕಾಣಲ್ಲ, ಕಾಕಾ ಈಗಿಲ್ಲ.

ಕಾಕುಗೆ ಫೋನ್ ಹಚ್ಚಿ ಅದೆಷ್ಟು ಅಪರೂಪದ ಕಾರು ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹೌದೇನು? ಅದನ್ನ ಮಾರಿದ ರೊಕ್ಕದಾಗನ ಈ ಮನಿಗೆ ಫರಸಿ ಹಾಕಿಸೇವಿ ನೋಡಪಾ" ಅಂದರು.