ಹಿನ್ನೀರಿನ್ಯಾಗ ಸ್ಟೀಮ್ ಬೋಟ್ ಓಡಿಸಬೇಕಂತ ಐತಿ, ಬಾಯ್ಲರ್ ಹೆಂಗ ಮಾಡ್ಲಿ?

ಹಿನ್ನೀರ_ಹುಡುಗ (ಬೀಳಗಿ)

ಎಲ್ಲಾರಿಗೂ ನಮಸ್ಕಾರ್ರಿ. ನಂದು ಬೀಳಗಿ ಕಡೆ ಊರು, ಆಲಮಟ್ಟಿ ತುಂಬಿದಾಗ ಹಿನ್ನೀರು ನಮ್ಮ ಹೊಲದ ಒಡ್ಡಿನ ತನಕ ಬರ್ತೈತಿ. ಐಟಿಐ ಟರ್ನರ್ ಮಾಡೇನಿ, ಈಗ ಬಾಗಲಕೋಟ್ಯಾಗ ಲೇಥ್ ಮ್ಯಾಲೆ ಕೆಲಸ. ಮೀನ ಹಿಡಿಯವರ ಕಡಿಂದ ಒಂದು 14 ಫೂಟಿನ ಹಳೇ ಫೈಬರ್ ದೋಣಿ ತಗೊಂಡೇನಿ, ತಳ ಗಟ್ಟಿ ಐತಿ. ಅದಕ್ಕ ಸ್ಟೀಮ್ ಎಂಜಿನ್ ಕೂಡ್ರಿಸಬೇಕಂತ ತಲ್ಯಾಗ ಹೊಕ್ಕೈತಿ. ಸಿಲಿಂಡರು ಪಿಸ್ಟನ್ನು ಕ್ರ್ಯಾಂಕು ನಾನ ಮಾಡ್ಕೋತೀನಿ ಅದರ ಚಿಂತಿ ಇಲ್ಲ, ಸಮಸ್ಯಾ ಇರೋದು ಬಾಯ್ಲರಿಂದು. ಗುಜರಿ ಅಂಗಡ್ಯಾಗ ಹಳೇ ಗ್ಯಾಸ್ ಸಿಲಿಂಡರ್ ಐತಿ, ಅದಕ್ಕ ಮ್ಯಾಲೊಂದು ಪೈಪ್ ವೆಲ್ಡ್ ಮಾಡಿಸಿ ಕೆಳಗ ಕಟಗಿ ಉರಿ ಹಚ್ಚಿದ್ರ ನಡೀತೈತೇನ್ರಿ? ಸೇಫ್ಟಿಗೆ ಕುಕ್ಕರಿನ ಸೀಟಿ ಹಾಕಿದ್ರ ಸಾಕು ಅಂತ ನಮ್ಮ ಗೆಳ್ಯಾ ಅಂತಾನ. ಇಬ್ಬರು ಕೂತು ನಿಧಾನಕ ಹೋದ್ರ ಸಾಕು, ಸ್ಪೀಡ್ ಬ್ಯಾಡ. ಡೀಸಲ್ ಎಂಜಿನ್ ಹಾಕು ಅಂತ ಮಾತ್ರ ಯಾರೂ ಹೇಳಬ್ಯಾಡ್ರಿ.

ರಬಕವಿ_ರಾಜಾ

ಡೀಸಲ್ ಎಂಜಿನ್ ಹಾಕೋ ದೋಸ್ತಾ 😄 ನಮ್ಮ ಕಡೆ ಹೊಳಿ ದಾಟೋ ಬೋಟಿಗೆಲ್ಲಾ ಅದ ಐತಿ, ಹ್ಯಾಂಡಲ್ ತಿರಿವಿದ್ರ ಮುಗೀತು. ಒಂದ ತಾಸ ಕಟಗಿ ಉರಿಸಿ ನೀರ ಕಾಸಾಕ ಅದೇನ ಮದವಿ ಮನಿಯಾ?

ಹಿನ್ನೀರ_ಹುಡುಗ

ಹೇಳಬ್ಯಾಡ ಅಂದಿದ್ದೆಲ್ಲ ಮಾರಾಯಾ. ಆ ಎಂಜಿನ್ ಹೊತ್ತಿತಂದ್ರ ಬಾಜೂಕ ಕೂತಾವ ಏನ್ ಮಾತಾಡ್ತಾನ ಅಂತ ಕೇಳಂಗಿಲ್ಲ, ದಂಡಿ ಮ್ಯಾಲಿನ ಹಕ್ಕಿ ಎಲ್ಲಾ ಎದ್ದ ಹೋಗ್ತಾವ. ಸ್ಟೀಮ್ ಬೋಟಿಗೆ ಸಪ್ಪಳಾನ ಇಲ್ಲ, ವಿಡಿಯೋದಾಗ ನೋಡಿದ್ರ ಬರೇ ನೀರ ಸೀಳೋ ಸದ್ದು. ನನಗ ಅದ ಬೇಕಾಗಿದ್ದು.

ಮುಧೋಳ_ಬಾಯ್ಲರ್

ತಮ್ಮಾ, ಗ್ಯಾಸ್ ಸಿಲಿಂಡರ್ ವಿಚಾರ ಇವತ್ತ ಬಿಡು. ನಾ ಸಕ್ಕರಿ ಫ್ಯಾಕ್ಟರಿ ಬಾಯ್ಲರ್ ಮುಂದ ನಿಂತು ತಲಿ ಬೆಳ್ಳಗ ಮಾಡ್ಕೊಂಡಾವ, ಅದಕ್ಕ ಸ್ವಲ್ಪ ಉದ್ದ ಬರೀತೀನಿ ಬ್ಯಾಸರ ಮಾಡ್ಕೋಬ್ಯಾಡ.

ಆ ಸಿಲಿಂಡರ್ ಮಾಡಿದ್ದು ತಣ್ಣನ ಗ್ಯಾಸ್ ಹಿಡಿಯಾಕ, ಉರಿ ಮ್ಯಾಲೆ ಇಡಾಕಲ್ಲ. ಒಳಗ ನೀರ ಇಳೀತಂದ್ರ ನೀರ ಮುಟ್ಟದ ತಗಡು ಕೆಂಪಗ ಕಾದು ಮೆತ್ತಗಾಗ್ತೈತಿ, ಪ್ರೆಶರ್ ಇದ್ದಷ್ಟ ಇರ್ತೈತಿ, ಮುಂದಿಂದು ನಾ ಹೇಳಬೇಕಾಗಿಲ್ಲ. ಮತ್ತ ಮಂದಿ ಸ್ಟೀಮಿಗೆ ಅಂಜ್ತಾರ, ಅಂಜಬೇಕಾಗಿದ್ದು ಒಳಗಿನ ನೀರಿಗೆ. ಚದರ ಸೆಂಟಿಮೀಟರಿಗೆ 7 ಕೆಜಿ ಪ್ರೆಶರಿನ್ಯಾಗ ನೀರು ಸುಮಾರ 170 ಡಿಗ್ರಿ ಕಾದಿದ್ರೂ ನೀರಾಗೇ ಕೂತಿರ್ತೈತಿ. ಡಬ್ಬಿ ಒಡೀತು ಅನ್ನು, ಅದರಾಗಿನ ಎಂಟನೇ ಒಂದು ಪಾಲು ಒಮ್ಮಿಗೆಲೆ ಉಗಿ ಆಗ್ತೈತಿ, ಒಂದು ಲೀಟರ್ ನೀರು ಉಗಿ ಆದ್ರ 1600 ಲೀಟರಿಗಿಂತ ಜಾಸ್ತಿ ಜಾಗ ಬೇಕು ಅದಕ್ಕ. ಮನಿ ಸಿಲಿಂಡರಿಗೆ 33 ಲೀಟರ್ ನೀರ ಹಿಡೀತೈತಿ, ಅರ್ಧ ತುಂಬಿದ್ರೂ ಲೆಕ್ಕಾ ನೀನ ಹಾಕು, ಅದೂ ನೀ ಅದರ ಮಗ್ಗಲ ಕೂತಿರ್ತೀ.

ಕುಕ್ಕರ್ ಸೀಟಿ ಅಂತೂ ನಗು ಬಂತು. ಅದು 1 ಕೆಜಿ ಹತ್ರ ಏಳ್ತೈತಿ, ಅದರ ತೂತು ಎಷ್ಟೈತಿ ನೋಡಿ ಏನ? ಸೇಫ್ಟಿ ವಾಲ್ವ್ ಅಂದ್ರ ಎಂಜಿನ್ ಬಂದ್ ಇದ್ದು ಉರಿ ಪೂರಾ ಜೋರ ಇದ್ದಾಗ ಆಗೋ ಸ್ಟೀಮ್ ಅಷ್ಟೂ ಹೊರಗ ಹಾಕಬೇಕು, ಪ್ರೆಶರ್ ಮೀಟರಿನ ಮುಳ್ಳು ಏರಬಾರ್ದು. ಕಟಗಿ ಉರಿ ಗ್ಯಾಸ್ ಒಲಿ ಅಲ್ಲ, ನಾಬ್ ತಿರಿವಿದ್ರ ಆರಂಗಿಲ್ಲ.

ಕಾಯ್ದೆ ವಿಷಯ. 1923ರ ಬಾಯ್ಲರ್ ಕಾಯ್ದೆ ಹೋಗಿ ಈಗ 2025ರದ್ದು ಬಂದೈತಿ. ಫೀಡ್ ಚೆಕ್ ವಾಲ್ವಿನಿಂದ (ನೀರ ಒಳಗ ಹೋಗೋ ಕಡೆ) ಮೇನ್ ಸ್ಟಾಪ್ ವಾಲ್ವ್ (ಸ್ಟೀಮ್ ಹೊರಗ ಹೋಗೋ ಕಡೆ) ತನಕ 25 ಲೀಟರಿಗಿಂತ ಕಡಿಮಿ ಹಿಡಿಯೋದು ಅದರ ಲೆಕ್ಕದಾಗ ಬಾಯ್ಲರ್ ಅಲ್ಲ. ಹಂಗಂತ ಸಣ್ಣದು ಒಡಿಯಂಗಿಲ್ಲ ಅಂತಲ್ಲ, ಇನ್‌ಸ್ಪೆಕ್ಟರ್ ಬರಂಗಿಲ್ಲ ಅಷ್ಟ. ಅವ ಮಾಡೋ ಟೆಸ್ಟ್ ನೀನ ಮಾಡ್ಕೋಬೇಕು.

ಉದ್ಯಮಬಾಗ_ಲೇಥ್ (ಬೆಳಗಾವಿ)

ಕಾಕಾ ಹೇಳಿದ್ದು ಏಕದಮ್ ಖರೆ. ನಾನು ಕಾಯ್ಲ್ ಬಾಯ್ಲರ್ (ಡಬ್ಬಿ ಬದ್ಲಿ ಒಂದ ಉದ್ದ ಟ್ಯೂಬ್ ಸುರುಳಿ ಸುತ್ತಿದ್ದು) ಕಡೆ ಅದೀನಿ ನೋಡ್ರಿ. ಲೆಕ್ಕಾ ಹಿಂಗ ಹಾಕೋಣ, 14 ಫೂಟಿನ ದೋಣಿ ಎಷ್ಟ ನೂಕಿದ್ರೂ ತಾಸಿಗೆ 9 ಕಿಲೋಮೀಟರ್ ಮ್ಯಾಲೆ ಹೋಗಾಕ ಒಪ್ಪಂಗಿಲ್ಲ, ತನ್ನ ತೆರಿ ತಾನ ಏರಬೇಕಾಗ್ತೈತಿ, ಅದಕ್ಕ 1 ಎಚ್‌ಪಿ ಭರಪೂರ ಆತು. ಸಾದಾ ಸಣ್ಣ ಎಂಜಿನ್ 1 ಎಚ್‌ಪಿಗೆ ತಾಸಿಗೆ ಸುಮಾರ 20 ಕೆಜಿ ಸ್ಟೀಮ್ ತಿಂತೈತಿ. ಅಷ್ಟ ಸ್ಟೀಮಿಗೆ ಉರಿ ತಾಗೋ ಮೈ ಒಂದು ಚದರ ಮೀಟರ್ ಬೇಕು, ಅರ್ಧ ಇಂಚಿನ ಟ್ಯೂಬ್ ಆದ್ರ 25 ಮೀಟರ್ ಸುತ್ತಿದ್ರ ಬರ್ತೈತಿ. ಆ ಇಡೀ ಸುತ್ತಿನ್ಯಾಗ ಹಿಡಿಯೋ ನೀರು ಎರಡು ಎರಡೂವರಿ ಲೀಟರ್ ಅಷ್ಟ. ಒಡದ್ರೂ ಒಂದ ಕಡೆ ಸೀಳಿ ಬುಸ್ಸಂತ ಅಂತೈತಿ, ದೋಣಿ ಹಾರಂಗಿಲ್ಲ. ಉರಿ ಹತ್ರದ ಸುತ್ತಿಗೆ ಎಸಿ ಕೆಲಸದವರ ತಾಮ್ರದ ಪೈಪ್ ಬ್ಯಾಡ, ಸೀಮ್‌ಲೆಸ್ ಸ್ಟೀಲ್ ಟ್ಯೂಬ್ ಹಾಕ್ರಿ.

ಎಂಜಿನ್ ಅಳತಿ: ಬೋರ್ 60 ಎಂಎಂ, ಸ್ಟ್ರೋಕ್ 75 ಎಂಎಂ, ಡಬಲ್ ಆ್ಯಕ್ಟಿಂಗ್ (ಪಿಸ್ಟನ್ನಿನ ಎರಡೂ ಕಡಿಂದ ಸ್ಟೀಮ್ ನೂಕೋದು), 350 ಆರ್‌ಪಿಎಮ್, ಪಿಸ್ಟನ್ ಮ್ಯಾಲೆ ಸರಾಸರಿ 3 ಕೆಜಿ ಸಿಕ್ಕಿದ್ರ 1 ಎಚ್‌ಪಿ ಬರೋಬ್ಬರಿ ಬರ್ತೈತಿ. ಪ್ರೊಪೆಲ್ಲರ್ ಔಟ್‌ಬೋರ್ಡ್ ಮೋಟಾರಿಂದು ಹಾಕಬ್ಯಾಡ್ರಿ, ಅದು ಜೋರ ತಿರಗಾಕ ಮಾಡಿದ್ದು. ನಿಮಗ 14-15 ಇಂಚ್ ವ್ಯಾಸದ್ದು, 20-22 ಇಂಚ್ ಪಿಚ್ (ಒಂದ ಸುತ್ತಿಗೆ ಮುಂದ ಹೋಗೋ ದೂರ) ಇದ್ದದ್ದು ಬೇಕು, ನಿಧಾನಕ ತಿರಗಿ ಭಾಳ ನೀರ ನೂಕಬೇಕು. ಪ್ಯಾಟರ್ನ್ (ಅಚ್ಚು ತಗಿಯೋ ಮಾದರಿ) ಮಾಡ್ಕೊಂಡ ಬಂದ್ರ ಇಲ್ಲಿ ಫೌಂಡ್ರಿಯೊಳಗ ತಾಮ್ರ-ತವರ ಬೆರಸಿದ ಗನ್‌ಮೆಟಲ್‌ನ್ಯಾಗ ಹೊಯ್ಸಿಕೊಡ್ತೀನಿ.

ಮುಧೋಳ_ಬಾಯ್ಲರ್

ಬೆಳಗಾವಿ ಅಣ್ಣಾರ, ನಿಮ್ಮ ಲೆಕ್ಕಾ ಸರಿ ಐತಿ ಆದ್ರ ಬರೇ ಕಾಯ್ಲ್ ಆದ್ರ ಇವನ ಕೈಯಾಗ ನಿಲ್ಲಂಗಿಲ್ಲ. ಒಳಗ ನೀರ ಕಡಿಮಿ ಅಂದ್ರ ಕೂಡಿಟ್ಟ ಶಕ್ತಿನೂ ಕಡಿಮಿ. ಕಟಗಿ ಒಂದ ತುಂಡ ಜಾಸ್ತಿ ಆದ್ರ ಪ್ರೆಶರ್ ಜಿಗೀತೈತಿ, ಪಂಪ್ ಒಂದ ಹೊಡ್ತ ಜಾಸ್ತಿ ಬಿದ್ರ ಎಂಜಿನ್ನಿಗೆ ಸ್ಟೀಮ್ ಬದ್ಲಿ ನೀರ ಹೋಗ್ತೈತಿ. ಡೀಸಲ್ ಬರ್ನರ್ ಇದ್ರ ಅದನ್ನ ಅಳದು ಉರಿಸಬೌದು, ಜಾಲಿ ಕಟಗಿ ಹೆಂಗ ಅಳೀತೀರಿ?

ನನ್ನ ಮಾತ ಕೇಳಿದ್ರ ಮ್ಯಾಲೊಂದು ಸಣ್ಣ ಡ್ರಮ್, ಕೆಳಗ ಉರಿಯೊಳಗ ಬಾಗಿದ ಟ್ಯೂಬ್, ಎಲ್ಲಾ ಸೇರಿ 15 ಲೀಟರ್ ಒಳಗ ಇರ್ಲಿ. ದೊಡ್ಡ ಫ್ಯಾಕ್ಟರಿಯಾಗ ನಾವು ನೋಡ್ಕೊಳೋದೂ ಇದ ಜಾತಿ, ಅಲ್ಲಿ 45, 67 ಕೆಜಿ ಪ್ರೆಶರ್ ಇರ್ತೈತಿ, ಬಗಾಸ್ (ಕಬ್ಬಿನ ಸಿಪ್ಪಿ) ಉರಿ ಇರ್ತೈತಿ ಅಷ್ಟ ಫರಕ. ಡ್ರಮ್ಮಿಗೆ ಗೇಜ್ ಗ್ಲಾಸ್ (ಒಳಗಿನ ನೀರಿನ ಮಟ್ಟ ತೋರಸೋ ಗಾಜಿನ ಕೊಳವಿ) ಬೇಕ ಬೇಕು. ನೀರ ಕಾಣಲಿಲ್ಲಂದ್ರ ಉರಿ ಎಳದು ಹೊರಗ ಹಾಕು, ಅಂಜಿ ತಣ್ಣೀರ ಮಾತ್ರ ಬಿಡಬ್ಯಾಡ, ಕೆಂಪಗಾದ ತಗಡಿಗೆ ತಣ್ಣೀರ ತಾಗಿದ್ರ ಕಥಿ ಬ್ಯಾರೆನ ಆಗ್ತೈತಿ. ನೀರ ಒಳಗ ಹಾಕಾಕ ಎರಡು ದಾರಿ ಇರ್ಲಿ, ಎಂಜಿನ್ ಓಡಿಸೋ ಪಂಪ್ ಒಂದು, ಕೈ ಪಂಪ್ ಒಂದು, ಒಂದ ನಂಬಿ ನಡು ಹೊಳಿಗೆ ಹೋಗಬಾರ್ದು.

ಟೆಸ್ಟ್ ಹಿಂಗ ಮಾಡು. ಎಲ್ಲಾ ಮುಗಿಸಿ ಒಳಗ ಪೂರ್ತಿ ನೀರ ತುಂಬು, ಹವಾ ಒಂದ ಗುಳ್ಳಿನೂ ಉಳಿಬಾರ್ದು. ಪ್ಲಂಬರ್ ಪೈಪ್‌ಲೈನ್ ಚೆಕ್ ಮಾಡೋ ಕೈ ಪಂಪ್ ಬಾಡಿಗಿ ತಂದು ಓಡಿಸೋ ಪ್ರೆಶರಿನ ಎರಡು ಪಟ್ಟು ಏರಿಸು. 5 ಕೆಜಿಗೆ ಓಡಿಸೋದಿದ್ರ 10. ಅರ್ಧ ತಾಸ ಬಿಡು, ಮುಳ್ಳು ಕೆಳಗ ಇಳೀಬಾರ್ದು, ಜಾಯಿಂಟ್ ಬೆವರಬಾರ್ದು. ನೀರಿಲೆ ಮಾಡಿದ್ರ ಒಡದ್ರೂ ಒಂದ ಚಿಲುಮಿ ಹೊಡದು ನಿಲ್ತೈತಿ. ಕಂಪ್ರೆಸರ್ ಹವಾ ಹಾಕಿ ಟೆಸ್ಟ್ ಮಾಡ್ತೀನಿ ಅಂತ ಯಾವನರ ಅಂದ್ರ ಅವನ್ನ ಅಂಗಳದಾಗ ನಿಲ್ಲಾಕ ಕೊಡಬ್ಯಾಡ.

ಉದ್ಯಮಬಾಗ_ಲೇಥ್ (ಬೆಳಗಾವಿ)

ಒಪ್ಪಿದೆ ಕಾಕಾ. ಕಟಗಿ ಉರಿಗೆ ಡ್ರಮ್ಮ ಸೈ.

ವಿಜಾಪುರ_ಸರ್

ನಾನು ಹೈಸ್ಕೂಲ್ ವಿಜ್ಞಾನ ಮಾಸ್ತರ, ದೊಡ್ಡ ಎಂಜಿನ್ ಗೊತ್ತಿಲ್ಲ, ಆದ್ರೂ ನಡುವ ಬಾಯಿ ಹಾಕ್ತೀನಿ. ಜಾತ್ರ್ಯಾಗ ತಗಡಿನ ಪಟ್ ಪಟ್ ದೋಣಿ ಮಾರ್ತಿದ್ರು ನೆನಪೈತೇನು, ಎಣ್ಣಿ ಬತ್ತಿ ಹಚ್ಚಿ ಬೋಗುಣ್ಯಾಗ ಬಿಟ್ರ ತಾನ ಸುತ್ತೋದು? ಅದೂ ಸ್ಟೀಮ್ ಬೋಟ್‌ನ. ಪಿಯೋಟ್ ಅನ್ನಾವ 1891ರಾಗ ಇಂಗ್ಲೆಂಡಿನ್ಯಾಗ ಪೇಟೆಂಟ್ ಮಾಡಿಸಿದ್ದು. ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಚಪ್ಪಟಿ ಡಬ್ಬಿಯೊಳಗಿನ ಹನಿ ನೀರು ಉಗಿ ಆಗಿ ಹಿಂದಿನ ಕೊಳವಿ ನೀರು ಹೊರಗ ನೂಕ್ತೈತಿ, ಉಗಿ ತಣ್ಣಗಾದ ಕೂಡ್ಲೆ ಮತ್ತ ನೀರು ಒಳಗ ಎಳ್ಕೋತೈತಿ, ಹಿಂಗ ಒಂದ ಸಮನ. ನಮ್ಮ ಹುಡುಗ್ರು ಕೇಳಿದ ಪ್ರಶ್ನಿ ಛಲೋ ಇತ್ತು: ಹೊರಗ ಹಾಕಿದಷ್ಟ ಒಳಗ ಎಳ್ಕೊಂಡ್ರ ದೋಣಿ ನಿಂತಲ್ಲೇ ನಿಲ್ಲಬೇಕಲ್ಲ ಸರ್ ಅಂತ. ಹೊರಗ ಹೋಗೋ ನೀರು ಒಂದ ದಿಕ್ಕಿಗೆ ಬಾಣದಂಗ ಹೋಗ್ತೈತಿ, ಒಳಗ ಬರೋದು ಕೊಳವಿ ಬಾಯಿ ಸುತ್ತ ಎಲ್ಲಾ ಕಡಿಂದ ಬರ್ತೈತಿ, ಅದಕ್ಕ ಹಿಂದಕ್ಕ ಎಳಿಯೋ ಜಗ್ಗು ಕಡಿಮಿ. ತಂಪು ಪಾನೀಯದ ಡಬ್ಬಿ ಕತ್ತರಿಸಿ, ಎರಡು ಸ್ಟ್ರಾ ಕೂಡ್ರಿಸಿ, ಎಪಾಕ್ಸಿ ಹಚ್ಚಿ ಭೂತನಾಳ ಕೆರಿ ದಂಡ್ಯಾಗ ಬಿಟ್ಟಿದ್ವಿ, ಗಾಳಿ ಬಂದ್ರ ಮಾತ್ರ ಬತ್ತಿ ಆರ್ತಿತ್ತು. ದೊಡ್ಡದರ ಮೊದ್ಲ ಇದೊಂದ ಮಾಡಿ ನೋಡ್ರಿ, ಖರ್ಚೇನಿಲ್ಲ.

ಹಿನ್ನೀರ_ಹುಡುಗ

ಸರ್, ಅದನ್ನ ನಮ್ಮ ಅಕ್ಕನ ಮಗನಿಗೆ ಮಾಡಿಕೊಡ್ತೀನಿ 🙏

ಕಾಕಾ, ಸಿಲಿಂಡರ್ ಬಿಟ್ಟೆ, ಡ್ರಮ್ ಮಾಡ್ತೀನಿ. ಎರಡ ಡೌಟ್ ಅದಾವ. ತಾಸಿಗೆ 20 ಲೀಟರ್ ನೀರು ಅಂದ್ರ ಎಲ್ಲಿ ಹೊತ್ಕೊಂಡ ಹೋಗ್ಲಿ, ಹೊಳಿ ನೀರ ಹಾಕಿದ್ರ ನಡೀತೈತೇನು? ಮತ್ತ ಕಟಗಿ ಎಷ್ಟ ಬೇಕು?

ಮುಧೋಳ_ಬಾಯ್ಲರ್

ಹೊಳ್ಯಾಗ ಓಡಿಸೋದ್ರ ಲಾಭಾನ ಅದು, ನೀರ ಹೊತ್ಕೊಂಡ ಹೋಗಬೇಕಾಗಿಲ್ಲ. ಸಮುದ್ರದಾಗ ಆದ್ರ ಉಪ್ಪು, ಸ್ಟೀಮ್ ತಣ್ಣಗ ಮಾಡಿ ಅದ ನೀರ ತಿರಗಿ ಬಾಯ್ಲರಿಗೆ ಹಾಕೋ ಕಂಡೆನ್ಸರ್ ಬೇಕಾಗ್ತಿತ್ತು. ಮಳಿಗಾಲದಾಗ ಕೆಂಪ ನೀರ ಬಂದಾಗ ಮಾತ್ರ ಬ್ಯಾಡ, ಹೂಳೆಲ್ಲಾ ಟ್ಯೂಬಿನ್ಯಾಗ ಕೂಡ್ತೈತಿ. ತಿಳಿ ಆದ ಮ್ಯಾಲೆ ಬಟ್ಟಿ ಸೋಸಿ ಹಾಕು, ದಿನಾ ಮುಗಿಸೋ ಮುಂದ ಪ್ರೆಶರ್ ಸ್ವಲ್ಪ ಇದ್ದಾಗ ಕೆಳಗಿನ ಕಾಕ್ ತಗದು ಬ್ಲೋಡೌನ್ ಮಾಡು, ಅಂದ್ರ ತಳದ ಹೊಲಸ ನೀರ ಹೊರಗ ಬಿಡು. ಬೋರಿನ ನೀರ ಹಾಕಬ್ಯಾಡ, ಮನ್ಯಾಗ ಗೀಸರ್ ಕಾಯ್ಲಿಗೆ ಹತ್ತಿದ ಬಿಳಿ ಪದರ ನೋಡಿದ್ರ ತಿಳೀತೈತಿ. ಕಟಗಿ ಒಣಗಿದ್ದಾದ್ರ ತಾಸಿಗೆ 6-7 ಕೆಜಿ ಹಿಡಿ.

ಸ್ಟಾರ್ಟ್ ಮಾಡೋ ಮುಂದ ಇನ್ನೊಂದು, ಸಿಲಿಂಡರ್ ತಣ್ಣಗಿರ್ತೈತಿ, ಮೊದ್ಲ ಹೋದ ಸ್ಟೀಮ್ ನೀರಾಗಿ ಅಲ್ಲೇ ನಿಲ್ತೈತಿ. ನೀರು ಒತ್ತಿದ್ರ ಒತ್ತಂಗಿಲ್ಲ, ಪಿಸ್ಟನ್ ಬಂದು ಹೊಡದ್ರ ಕವರ್ ಸೀಳ್ತೈತಿ. ಎರಡೂ ತುದಿಗೆ ಡ್ರೇನ್ ಕಾಕ್ ಇಡು, ತಗದ ಇಟ್ಟು ಫ್ಲೈವೀಲ್ ಕೈಲೆ ಹಿಂದ ಮುಂದ ತಿರುವು, ಚಿರ್ ಚಿರ್ ಅಂತ ನೀರ ಬರೋದು ನಿಂತು ಒಣ ಸ್ಟೀಮ್ ಬಂದ ಮ್ಯಾಲೆ ಬಂದ್ ಮಾಡು.

ಉದ್ಯಮಬಾಗ_ಲೇಥ್ (ಬೆಳಗಾವಿ)

ಡ್ರಮ್ಮಿಗೆ ಹಿತ್ತಾಳಿ ಫಿಟ್ಟಿಂಗ್ ಬ್ಯಾಡ್ರಿ, ಬಿಸಿ ನೀರಿಗೆ ಅದರಾಗಿನ ಸತುವು ಕರಗಿ ಹೋಗಿ ಪೊಳ್ಳಾಗ್ತೈತಿ, ಗನ್‌ಮೆಟಲ್ ಬುಶ್ ಹಾಕ್ರಿ. ಮತ್ತ ತವರದ ಬೆಸುಗಿ ಎಲ್ಲೂ ಬ್ಯಾಡ, ಅದು 183 ಡಿಗ್ರಿಗೆ ಕರಗ್ತೈತಿ, ನಿಮ್ಮ ಸ್ಟೀಮ್ ಅದರ ಮನಿ ಬಾಗಲಿಗೇ ಬಂದಿರ್ತೈತಿ. ವೆಲ್ಡಿಂಗ್ ಇಲ್ಲಿ ಪ್ರೆಶರ್ ಪೈಪ್ ಕೆಲಸ ಮಾಡೋ ವೆಲ್ಡರ್ ಕಡೆ ಮಾಡಿಸ್ರಿ, ಗೇಟ್ ಗ್ರಿಲ್ ಮಾಡಾವನ ಕಡೆ ಅಲ್ಲ.

ರಬಕವಿ_ರಾಜಾ

ಆತಪಾ, ನಾನೂ ಒಪ್ಪಿದೆ, ಕಟಗಿ ನಾ ಕಡದ ಕೊಡ್ತೀನಿ. ಅದ್ರ ಯಂತ್ರ ಹಾಕಿದ ಬೋಟಿಗೆ 2021ರ ಒಳನಾಡು ಹಡಗು ಕಾಯ್ದೆ ಪ್ರಕಾರ ನೋಂದಣಿ ಬೇಕು, ಸ್ಟೀಮ್ ಇದ್ರೂ ಅಷ್ಟ ಡೀಸಲ್ ಇದ್ರೂ ಅಷ್ಟ. ಡ್ಯಾಮಿನವರನ್ನೂ ಮೊದ್ಲ ಕೇಳು. ಲೈಫ್ ಜಾಕೆಟ್ ಎರಡು ತಗೋ, ಮೂರನೇದು ನನಗ.

ಹಿನ್ನೀರ_ಹುಡುಗ

ಬೆಳಗಾವಿ ಅಣ್ಣಾರ, ಪ್ರೊಪೆಲ್ಲರ್ ಪ್ಯಾಟರ್ನ್ ಸಾಗವಾನಿಯೊಳಗ ಕೆತ್ತಿಸಿದ್ರ ನಡೀತೈತಾ ಇಲ್ಲ ಎಂಡಿಎಫ್ ಸಾಕಾ? ಹೊಯ್ದ ಲೋಹ ತಣ್ಣಗಾಗಿ ಕುಗ್ಗೋದಕ್ಕ ಎಷ್ಟ ಬಿಡಬೇಕು?

ಉದ್ಯಮಬಾಗ_ಲೇಥ್ (ಬೆಳಗಾವಿ)

ಒಂದ ಪೀಸಿಗೆ ಎಂಡಿಎಫ್ ಸಾಕು, ಮ್ಯಾಲೆ ಪುಟ್ಟಿ ಹಚ್ಚಿ ಪೇಂಟ್ ಹೊಡೀರಿ, ಮರಳಿಗೆ ಅಂಟಬಾರ್ದು. ಗನ್‌ಮೆಟಲ್ಲಿಗೆ ನೂರಕ್ಕ ಒಂದೂವರಿ ದೊಡ್ಡದು ಮಾಡ್ರಿ. ಒಂದ ಬ್ಲೇಡ್ ಮಾಡ್ಕೊಂಡ ಬನ್ನಿ, ಉಳಿದದ್ದು ಇಲ್ಲಿ ಕೂತು ನೋಡೋಣ.