ಅಪ್‌ಡೇಟ್: ತಿಥಿಯ ಹಿಂದಿನ ರಾತ್ರಿ ಸಿಲಿಂಡರ್ ಖಾಲಿಯಾದ ಬಗ್ಗೆ

ಮಾವನವರ ತಿಥಿಯ ಹಿಂದಿನ ರಾತ್ರಿ ಅಡುಗೆ ಅನಿಲ ಮುಗಿದು, ಹೊಸ ಸಿಲಿಂಡರ್ ಬರಲು ನಾಲ್ಕು ದಿನ ಬೇಕೆಂದು ತಿಳಿದಾಗ, ಏನು ಮಾಡಲಿ ಎಂದು ಮಂಡ್ಯದಿಂದ ಕೇಳಿದ್ದೆ. ಉತ್ತರಿಸಿದವರೆಲ್ಲರಿಗೂ ಕೃತಜ್ಞತೆಗಳು.

ಸಿಲಿಂಡರನ್ನು ಮಲಗಿಸಿ ಉರಿಸುವ ಸಲಹೆಯನ್ನು ನಾನು ಪಾಲಿಸಲಿಲ್ಲ. ಹಾಗೆ ಮಾಡಿದರೆ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗಿ ಬೆಂಕಿ ಭುಗಿಲೇಳಬಹುದು. ದಯವಿಟ್ಟು ಯಾರೂ ಮಾಡಬೇಡಿ. ಬದಲಿಗೆ ಹಿತ್ತಲಿನ ನೀರೊಲೆಯಿಂದ ಹಂಡೆ ಇಳಿಸಿ, ತೆಂಗಿನ ಮಟ್ಟೆ ಮತ್ತು ಕರಟ ಒಟ್ಟಿ ಉರಿ ಹಾಕಿದೆವು. ಮಸಿ ಹಿಡಿಯದಿರಲೆಂದು ಅತ್ತೆಯವರು ಪಾತ್ರೆಗಳ ತಳಕ್ಕೆ ಒದ್ದೆ ಬೂದಿಯನ್ನು ಬೆರಳಿನಿಂದ ದಪ್ಪನಾಗಿ ಸವರಿಕೊಟ್ಟರು. ಅನ್ನ, ಸಾರು, ವಡೆ, ಪಾಯಸ ಎಲ್ಲವೂ ಹೊತ್ತಿಗೆ ಸರಿಯಾಗಿ ಎಲೆಗೆ ಬಿದ್ದವು.

ಹೊಸ ಸಿಲಿಂಡರ್ ಬಂದೊಡನೆ ತೂಗಿಸಿದೆ. ಅದರ ಮೇಲೆ ಬರೆದಿದ್ದ ಖಾಲಿ ತೂಕ 15.6 ಕಿಲೋಗೆ ಅನಿಲದ 14.2 ಕಿಲೋ ಸೇರಿ 29.8 ಸರಿಯಾಗಿತ್ತು. ನೀವು ತಿಳಿಸಿದಂತೆ ಈಗ ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ ನೋಡುತ್ತೇನೆ: ದ್ರವವಿರುವ ಭಾಗ ನಿಧಾನವಾಗಿ ಒಣಗುವುದರಿಂದ ಮಟ್ಟ ಅಂದಾಜಾಗುತ್ತದೆ. ಎರಡನೆಯ ಸಿಲಿಂಡರಿಗೂ ಅರ್ಜಿ ಕೊಟ್ಟಿದ್ದೇನೆ.