ಸಹಾಯ ಬೇಕು: ಹಳೇ ಆಯಿಲ್ ಪೇಂಟ್ ಸೀಲಿಂಗ್ ಮೇಲೆ ಹೊಸ ಪ್ಲಾಸ್ಟರ್ ನಿಲ್ಲುತ್ತಾ?

ಎಲ್ಲರಿಗೂ ನಮಸ್ಕಾರ. ಹಳೇ ಸೀಲಿಂಗ್‌ಗೆ ಜಿಪ್ಸಮ್ ಪ್ಲಾಸ್ಟರ್ ಮಾಡಿಸಬೇಕು. ಕೆಳಪದರದಲ್ಲಿ ಡಿಸ್ಟೆಂಪರ್ ಇದೆ, ಅದರ ಮೇಲೆ ಆಯಿಲ್ ಪೇಂಟ್.

ಸಡಿಲ ಇದ್ದ ಪೇಂಟನ್ನೆಲ್ಲ ಕೆರೆಯುವ ತಗಡಿನ ಪಟ್ಟಿಯಿಂದ ಕೆರೆದು ತೆಗೆದೆ. ಅಲ್ಲಿ ಕಾಣುವ ಡಿಸ್ಟೆಂಪರ್ ಮುಟ್ಟಿದರೆ ಕೈಗೆ ಬಿಳಿ ಪುಡಿ ಅಂಟುತ್ತದೆ, ಒದ್ದೆ ಸ್ಪಂಜಿಗೆ ಕರಗಿ ಬರುತ್ತದೆ. ಅದನ್ನು ಪೂರ್ತಿ ತೊಳೆದು ತೆಗೆಯುತ್ತಿದ್ದೇನೆ. ಆ ಭಾಗದ ಚಿಂತೆ ಇಲ್ಲ.

ಉಳಿದ ಕಡೆ ಆಯಿಲ್ ಪೇಂಟ್ ಗಟ್ಟಿಯಾಗಿ ಕೂತಿದೆ. ಬ್ಲೇಡಿನಿಂದ ಅಡ್ಡ ಉದ್ದ ಗೀರಿ, ಟೇಪ್ ಅಂಟಿಸಿ ಜೋರಾಗಿ ಎಳೆದರೂ ಕಿತ್ತು ಬರಲಿಲ್ಲ. ಹಳೇ ಪೇಂಟಿನಲ್ಲಿ ಸೀಸ ಇರಬಹುದು ಅಂತ ಧೂಳು ಏಳದ ಹಾಗೆ ನೀರು ಹಾಕಿಯೇ ಸ್ಯಾಂಡ್‌ಪೇಪರ್ ಉಜ್ಜಿದೆ. ಹೊಳಪು ಹೋಯಿತು. ಆದರೆ ನೀರು ಚಿಮುಕಿಸಿದರೆ ಹೀರುವುದೇ ಇಲ್ಲ, ಹನಿ ಹಾಗೇ ನಿಲ್ಲುತ್ತದೆ. ಹಾಗಾಗಿ ಪ್ಲಾಸ್ಟರ್ ಇದಕ್ಕೆ ಹಿಡಿಯುತ್ತೋ ಇಲ್ಲವೋ ಅನ್ನುವ ಅನುಮಾನ.

ಒಬ್ಬ ಮೇಸ್ತ್ರಿ ಪೂರ್ತಿ ಕಚ್ಚು ಹೊಡೆಯಲೇಬೇಕು (ಪ್ಲಾಸ್ಟರ್ ಹಿಡಿಯಲು ಉಳಿಯಿಂದ ಸಣ್ಣ ಸಣ್ಣ ಗುಳಿ ಮಾಡಬೇಕು) ಅನ್ನುತ್ತಾರೆ. ಇನ್ನೊಬ್ಬರು ಮರಳಿನ ಕಾಳಿರುವ ಬಾಂಡಿಂಗ್ ಏಜೆಂಟ್ (ಪ್ಲಾಸ್ಟರ್ ಅಂಟಿಕೊಳ್ಳಲು ಮೊದಲು ಬಳಿಯುವ ದ್ರವ) ಬಳಿದರೆ ಸಾಕು ಅನ್ನುತ್ತಾರೆ. ನನ್ನ ಭಯ ಏನೆಂದರೆ, ಕಚ್ಚು ಹೊಡೆದರೆ ಪ್ಲಾಸ್ಟರಿನ ನೀರು ಒಳಗಿನ ಡಿಸ್ಟೆಂಪರ್‌ಗೆ ಇಳಿದು ಅದು ಮೆತ್ತಗಾಗುತ್ತದೆ ಅಲ್ವಾ? ಆಮೇಲೆ ಪ್ಲಾಸ್ಟರ್ ಚಕ್ಕೆ ಚಕ್ಕೆಯಾಗಿ ತಲೆ ಮೇಲೆ ಬಿದ್ದರೆ ಏನು ಗತಿ?

ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ: ಗಟ್ಟಿ ಇರುವ ಆಯಿಲ್ ಪೇಂಟನ್ನು ಹಾಗೇ ಬಿಟ್ಟು ಬಾಂಡಿಂಗ್ ಏಜೆಂಟ್ ಬಳಿಯಬಹುದಾ, ಅಥವಾ ಒಳಗೆ ಡಿಸ್ಟೆಂಪರ್ ಇರುವುದರಿಂದ ಎಲ್ಲವನ್ನೂ ಕಿತ್ತೇ ತೀರಬೇಕಾ?